ನರಶಸ್ತ್ರಚಿಕಿತ್ಸಾ ವಿಭಾಗ: ಕಾಸರಗೋಡಿನ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬದಿಯಡ್ಕದ ಕಡೆಯವಳು. ಮಂಗಳೂರಿನ ಒಂದು ಆಸ್ಪತ್ರೆಯ ನರಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಬಹಳ ವರ್ಷ ಶುಶ್ರೂಷಕಿಯಾಗಿ ದುಡಿದಿದ್ದೇನೆ. ಊರಿಗೆ ಬಂದಾಗಲೆಲ್ಲ ನೆರೆಕರೆಯವರೂ ನೆಂಟರೂ ಕೇಳಿದ ಪ್ರಶ್ನೆಗಳನ್ನು, ಕೆಲವರು ಪತ್ರ ಬರೆದು ಕೇಳಿದವನ್ನೂ ಸೇರಿಸಿ, ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ರೋಗಿಯನ್ನು ಕಣ್ಣಾರೆ ನೋಡಿದ ವೈದ್ಯರ ಮಾತಿಗೆ ಈ ಉತ್ತರಗಳು ಬದಲಿಯಲ್ಲ. ಅವರಲ್ಲಿ ಏನನ್ನು ಕೇಳಬೇಕು ಎಂದು ತಿಳಿದುಕೊಳ್ಳುವುದಕ್ಕೆ ಇವು ಉಪಯೋಗಕ್ಕೆ ಬರಬಹುದು.

## ಆಸ್ಪತ್ರೆಗೆ ಹೋಗುವ ಮೊದಲು

ನ್ಯೂರೋ ಡಾಕ್ಟರರಲ್ಲಿ ಎರಡು ಬಗೆ ಉಂಟಂತೆ, ನಾವು ಯಾರನ್ನು ಕಾಣಬೇಕು?

ಔಷಧಿಯಿಂದ ಚಿಕಿತ್ಸೆ ಮಾಡುವವರು ನ್ಯೂರಾಲಜಿಸ್ಟ್, ಶಸ್ತ್ರಚಿಕಿತ್ಸೆ ಮಾಡುವವರು ನ್ಯೂರೋಸರ್ಜನ್. ಅಪಸ್ಮಾರ, ಪಾರ್ಶ್ವವಾಯು, ಕೈನಡುಕ, ಬಹುಕಾಲದ ತಲೆನೋವು ಇವುಗಳಿಗೆ ಮೊದಲು ನ್ಯೂರಾಲಜಿಸ್ಟರನ್ನು ಕಾಣುವುದು ಸರಿ. ತಲೆಗೆ ಅಥವಾ ಬೆನ್ನುಹುರಿಗೆ ಪೆಟ್ಟು, ಮೆದುಳಿನ ಗೆಡ್ಡೆ, ತಲೆಯಲ್ಲಿ ನೀರು ತುಂಬುವುದು, ರಕ್ತನಾಳ ಉಬ್ಬಿ ಒಡೆಯುವುದು ಇವೆಲ್ಲ ನ್ಯೂರೋಸರ್ಜನರ ಪಾಲಿನವು. ನ್ಯೂರೋಸರ್ಜನರಲ್ಲಿಗೆ ಹೋದ ಕೂಡಲೇ ಆಪರೇಶನ್ ಖಂಡಿತ ಎಂಬ ಹೆದರಿಕೆ ನಮ್ಮಲ್ಲಿ ಇದೆ, ಆದರೆ ತಲೆಗೆ ಪೆಟ್ಟಾಗಿ ದಾಖಲಾದವರಲ್ಲಿ ಹೆಚ್ಚಿನವರು ನಿಗಾದಲ್ಲಿದ್ದು, ಕತ್ತರಿ ಮುಟ್ಟಿಸದೆಯೇ ಮನೆಗೆ ಮರಳುತ್ತಾರೆ.

ತಲೆಗೆ ಪೆಟ್ಟು ಬಿದ್ದರೂ ಆಳು ಎದ್ದು ಕೂತು ಮಾತಾಡಿದ್ದಾನೆ. ಮತ್ತೆ ಸ್ಕ್ಯಾನ್ ಬೇಕೇ ಬೇಕಾ?

ಎಲ್ಲರಿಗೂ ಬೇಕಾಗುವುದಿಲ್ಲ. ಆದರೆ ಎದ್ದು ಮಾತಾಡಿದ್ದಾನೆ ಎಂಬ ಒಂದೇ ಕಾರಣಕ್ಕೆ ಬೇಡ ಎನ್ನುವಂತೆಯೂ ಇಲ್ಲ. ಕಣತಲೆಯ ಮೂಳೆ ತೆಳುವಾದದ್ದು, ಅದರ ಒಳಮೈಗೆ ಅಂಟಿಕೊಂಡಂತೆ ಒಂದು ರಕ್ತನಾಳ ಹರಿಯುತ್ತದೆ. ಮೂಳೆ ಬಿರಿದು ಆ ನಾಳ ಹರಿದರೆ ಮೆದುಳಿನ ಹೊದಿಕೆಯ ಮೇಲೆ ರಕ್ತ ನಿಧಾನವಾಗಿ ಶೇಖರವಾಗುತ್ತಾ ಹೋಗುತ್ತದೆ. ಇಂಥವರು ಬಿದ್ದಾಗ ಒಮ್ಮೆ ಎಚ್ಚರ ತಪ್ಪಿ, ಮತ್ತೆ ಎದ್ದು ನೀರು ಕುಡಿದು, ತನಗೇನೂ ಆಗಿಲ್ಲ ಎಂದು ಹೇಳಿ, ಕೆಲವು ಗಂಟೆಗಳ ಮೇಲೆ ಮಂಪರಿಗೆ ಜಾರುತ್ತಾರೆ. ಸಕಾಲದಲ್ಲಿ ಆ ರಕ್ತವನ್ನು ತೆಗೆದರೆ ಪೂರ್ತಿ ಗುಣವಾಗುವ ಸಾಧ್ಯತೆ ತುಂಬಾ ಇರುವುದರಿಂದಲೇ, ಇಂಥವರನ್ನು ತಡವಾಗಿ ಕರೆತಂದಾಗ ವಾರ್ಡಿನಲ್ಲಿ ನಮಗೆಲ್ಲ ಅತಿ ಹೆಚ್ಚು ಸಂಕಟವಾಗುತ್ತಿತ್ತು.

ಒಂದಕ್ಕಿಂತ ಹೆಚ್ಚು ಸಲ ವಾಂತಿ, ಏರುತ್ತಲೇ ಇರುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದಂಥ ನಿದ್ದೆ, ಒಂದು ಕಣ್ಣಿನ ಪಾಪೆ ಮಾತ್ರ ಹಿಗ್ಗಿರುವುದು, ಕಿವಿ ಅಥವಾ ಮೂಗಿನಿಂದ ತಿಳಿನೀರು ಸೋರುವುದು ಇವುಗಳಲ್ಲಿ ಯಾವುದೇ ಒಂದು ಕಂಡರೂ ಸಿ.ಟಿ. ಸ್ಕ್ಯಾನ್ ಇರುವಲ್ಲಿಗೆ ಕೂಡಲೇ ಕರೆದೊಯ್ಯಬೇಕು. ಸೋರುವ ಮೂಗಿಗೆ ಹತ್ತಿ ತುರುಕಬಾರದು. ಕುಡಿದವನು ಬಿದ್ದರೆ ಅವನ ಮಂಪರಿಗೆ ಸಾರಾಯಿಯೇ ಕಾರಣ ಎಂದು ಜಗಲಿಯಲ್ಲಿ ಮಲಗಿಸಿ ಬಿಡಬಾರದು.

ವಯಸ್ಸಾದವರದು ಬೇರೆಯೇ ದಾರಿ. ಬಚ್ಚಲಲ್ಲಿ ಸಣ್ಣಗೆ ಜಾರಿ ತಲೆ ತಾಗಿಸಿಕೊಂಡ ಅಜ್ಜ ಎರಡು ಮೂರು ವಾರ ಸರಿಯಾಗಿಯೇ ಇದ್ದು, ಮತ್ತೆ ನಡಿಗೆ ತಪ್ಪುತ್ತಾರೆ, ಮಾತು ಮರೆಯುತ್ತಾರೆ, ಮನೆಯವರು ಅದನ್ನು ಅರಳುಮರಳು ಎಂದುಕೊಳ್ಳುತ್ತಾರೆ. ಒಳಗೆ ಹಳೆಯ ರಕ್ತ ನೀರಾಗಿ ನಿಂತಿರುತ್ತದೆ. ತಲೆಬುರುಡೆಗೆ ಒಂದೆರಡು ಸಣ್ಣ ತೂತು ಕೊರೆದು ಅದನ್ನು ಹೊರಬಿಟ್ಟರೆ ಹಲವರು ಒಂದೆರಡು ದಿನದಲ್ಲೇ ಮೊದಲಿನಂತಾಗುತ್ತಾರೆ. ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ ಈ ಅಪಾಯ ಹೆಚ್ಚು.

ಅಡಕೆ ಮರದಿಂದ ಬಿದ್ದವರನ್ನು ಹೇಗೆ ಎತ್ತುವುದು?

ಕೂರಿಸಬಾರದು, ನಿಲ್ಲಿಸಬಾರದು, ಒಬ್ಬರು ತೋಳು ಒಬ್ಬರು ಕಾಲು ಹಿಡಿದು ಎತ್ತಬಾರದು. ನಮ್ಮ ಕಡೆ ಅಡಕೆ, ತೆಂಗು, ಕಾಳುಮೆಣಸಿನ ಕೊಯ್ಲಿನ ಕಾಲದಲ್ಲಿ ಬೆನ್ನುಮೂಳೆ ಮುರಿದವರು ಆಟೋರಿಕ್ಷಾದ ಸೀಟಿನಲ್ಲಿ ಮಡಚಿ ಕುಳಿತ ಸ್ಥಿತಿಯಲ್ಲಿ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಮುರಿದ ಮೂಳೆ ಬಿದ್ದಾಗ ನರಕ್ಕೆ ಮಾಡದ ಹಾನಿಯನ್ನು ಸಾಗಿಸುವಾಗ ಮಾಡಬಲ್ಲದು.

ಉಸಿರಾಟ ಸರಿಯಿದೆಯೇ ಎಂದು ಮೊದಲು ನೋಡಿ. ಮತ್ತೆ ತಲೆಯ ಎರಡೂ ಬದಿಗೆ ಬೈರಾಸನ್ನು (ಟವೆಲನ್ನು) ಬಿಗಿಯಾಗಿ ಸುತ್ತಿ ಇಟ್ಟು, ಕುತ್ತಿಗೆ ಹೊರಳದಂತೆ ಒಬ್ಬರು ಎರಡೂ ಕೈಗಳಲ್ಲಿ ತಲೆಯನ್ನು ಹಿಡಿದುಕೊಳ್ಳಬೇಕು. ಉಳಿದ ಮೂವರು ಒಂದೇ ಬದಿಯಲ್ಲಿ ಮಂಡಿಯೂರಿ, ತಲೆ ಹಿಡಿದವರು ಹೇಳಿದ ಹೊತ್ತಿಗೆ ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ, ಅಡಿಗೆ ಹಲಗೆ ಅಥವಾ ಕಳಚಿದ ಬಾಗಿಲನ್ನು ಸರಿಸಿ ಮಲಗಿಸಬೇಕು. ಕೈಕಾಲು ಆಡಿಸುತ್ತಾರೆಯೇ, ಮುಟ್ಟಿದ್ದು ತಿಳಿಯುತ್ತದೆಯೇ ಎಂದು ಆಗಲೇ ನೋಡಿ ಗಂಟೆಯೊಂದಿಗೆ ಬರೆದಿಡಿ. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವುದು ಅದನ್ನೇ. ನೆಲದಲ್ಲಿ ನಿಂತೇ ಕೊಯ್ಯುವ ಫೈಬರ್ ದೋಟಿ ದುಬಾರಿ ಎನ್ನುವವರು, ಸೊಂಟದಿಂದ ಕೆಳಗೆ ಶಕ್ತಿ ಕಳೆದುಕೊಂಡವರ ಮನೆಗೆ ಒಮ್ಮೆ ಹೋಗಿ ಬರಬೇಕೆಂದು ನನ್ನ ಕೋರಿಕೆ.

ನಮಗೆ ಮಂಗಳೂರಾ, ಪರಿಯಾರವಾ, ತಿರುವನಂತಪುರವಾ?

ತುರ್ತಿನಲ್ಲಿ ರಾಜ್ಯ ಮುಖ್ಯವಲ್ಲ, ದೂರ ಮುಖ್ಯ. ಕಾಸರಗೋಡು ಪೇಟೆಯಿಂದ ಮಂಗಳೂರು ಸುಮಾರು 50 ಕಿಲೋಮೀಟರ್, ಮಂಜೇಶ್ವರದವರಿಗೆ ಇನ್ನೂ ಹತ್ತಿರ. ಜಿಲ್ಲೆಯ ದಕ್ಷಿಣ ಭಾಗದವರಿಗೆ ಪರಿಯಾರದ ಸರಕಾರಿ ವೈದ್ಯಕೀಯ ಕಾಲೇಜು ಅನುಕೂಲ. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಾಗಲಿ ಬೇರೆ ಎಲ್ಲಿಯಾಗಲಿ, ಹೊರಡುವಾಗಲೇ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಈಗ ನಡೆಯುತ್ತಿದೆಯೇ, ನ್ಯೂರೋಸರ್ಜನ್ ಇದ್ದಾರೆಯೇ, ತೀವ್ರನಿಗಾ ಘಟಕದಲ್ಲಿ ಹಾಸಿಗೆ ಇದೆಯೇ ಎಂಬ ಮೂರನ್ನು ಕೇಳಿಕೊಳ್ಳಬೇಕು. ಮುಖ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯು; ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕಾದ್ದರಿಂದ, ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಹೇಳಲು ಗೊತ್ತಿರುವವರೇ ಜತೆಯಲ್ಲಿ ಹೋಗಬೇಕು.

ಕಾಯಬಹುದಾದ ಶಸ್ತ್ರಚಿಕಿತ್ಸೆಗೆ ಲೆಕ್ಕ ಬೇರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ನಮ್ಮಿಂದ 500 ಕಿಲೋಮೀಟರಿಗಿಂತಲೂ ದೂರವಿದ್ದರೂ, ಔಷಧಿಗೆ ಬಗ್ಗದ ಅಪಸ್ಮಾರದ ಶಸ್ತ್ರಚಿಕಿತ್ಸೆಯಲ್ಲಿ 1995ರಿಂದ ಕೆಲಸ ಮಾಡುತ್ತಾ ಬಂದಿರುವುದರಿಂದ ಅಲ್ಲಿಗೆ ಹೋಗುವುದು ಸಾರ್ಥಕ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕನ್ನಡದಲ್ಲೇ ವ್ಯವಹರಿಸಬಹುದು ಎಂಬುದು ನಮ್ಮವರಿಗೆ ದೊಡ್ಡ ಸಮಾಧಾನ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆಂಬ್ಯುಲೆನ್ಸ್‌ಗಳು ಹಿಂದಿರುಗಿದವು, ದಾರಿ ಸಿಗದೆ ರೋಗಿಗಳು ತೀರಿಕೊಂಡರು. ಆ ದಿನಗಳನ್ನು ಕಂಡ ಮೇಲೆ, ಗಡಿಯ ಎರಡೂ ಬದಿಯ ಒಂದೊಂದು ಆಸ್ಪತ್ರೆಯ ಫೋನ್ ನಂಬರನ್ನು ಮನೆಯ ಗೋಡೆಯಲ್ಲಿ ಬರೆದಿಟ್ಟುಕೊಳ್ಳಿ ಎಂದು ಎಲ್ಲರಲ್ಲಿಯೂ ಹೇಳುತ್ತೇನೆ.

ನಮ್ಮದು ಕೇರಳದ ಕಾರ್ಡು, ಕರ್ನಾಟಕದಲ್ಲಿ ನಡೆಯುತ್ತದಾ?

ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ, ನೋಂದಾಯಿತ ಆಸ್ಪತ್ರೆಯಾದರೆ ಬೇರೆ ರಾಜ್ಯದಲ್ಲಿಯೂ ಬಳಸಲು ಅವಕಾಶವಿದೆ. ಕೇರಳದಲ್ಲಿ ಇದು ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಜತೆ ಸೇರಿಕೊಂಡಿದೆ. ನಿಮ್ಮ ಕಾರ್ಡು ಯಾವ ವರ್ಗದ್ದು, ಮಾಡಬೇಕಾದ ಶಸ್ತ್ರಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂಬುದನ್ನು ದಾಖಲಾಗುವ ದಿನವೇ ಯೋಜನೆಯ ಕೌಂಟರಿನಲ್ಲಿ ವಿಚಾರಿಸಿ. ಬಿಲ್ ಆದ ಮೇಲೆ ಕಾರ್ಡು ತೋರಿಸಿದರೆ ಪ್ರಯೋಜನವಿಲ್ಲ.

## ವಾರ್ಡಿನ ಒಳಗೆ

ಚೀಟಿಯಲ್ಲಿ ಜಿ.ಸಿ.ಎಸ್. 12 ಅಂತ ಬರೆದಿದ್ದಾರೆ. ಎಂತ ಹಾಗೆಂದರೆ?

ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ನರಶಸ್ತ್ರಚಿಕಿತ್ಸಕರು 1974ರಲ್ಲಿ ಪ್ರಕಟಿಸಿದ ಪ್ರಜ್ಞೆಯ ಅಳತೆ ಇದು, ಪೂರ್ತಿ ಹೆಸರು ಗ್ಲಾಸ್ಗೋ ಕೋಮಾ ಸ್ಕೇಲ್. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15 ಅಂಕ. ಅತಿ ಕಡಿಮೆ ಎಂದರೆ 3. ತಲೆಗೆ ಪೆಟ್ಟಾದವರಲ್ಲಿ 13ರಿಂದ 15 ಇದ್ದರೆ ಲಘು, 9ರಿಂದ 12 ಮಧ್ಯಮ, 8 ಮತ್ತು ಅದಕ್ಕಿಂತ ಕಡಿಮೆ ತೀವ್ರ ಎಂದು ಲೆಕ್ಕ. ಒಂದು ಸಲದ ಅಂಕಕ್ಕಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ. ಎರಡು ಅಂಕ ಇಳಿದರೆ ನಾವು ನಡುರಾತ್ರಿಯಲ್ಲಾದರೂ ವೈದ್ಯರನ್ನು ಎಬ್ಬಿಸುತ್ತೇವೆ.

ಈ ಅಳತೆಯ ಮೂರರಲ್ಲಿ ಎರಡು ಭಾಗ ಭಾಷೆಯನ್ನು ನಂಬಿ ನಿಂತಿದೆ ಎಂಬುದನ್ನು ನಮ್ಮ ಜಿಲ್ಲೆಯವರು ಗಮನಿಸಬೇಕು. ಪೆರ್ಲದ ಕಡೆಯ ಒಬ್ಬರು ಅಜ್ಜಿಯನ್ನು ಮೊದಲು ನೋಡಿದ ಕಡೆಯಿಂದ ನಮ್ಮಲ್ಲಿಗೆ ಕಳುಹಿಸಿದ್ದರು. ಚೀಟಿಯಲ್ಲಿ ‘ಅಸಂಬದ್ಧ ಮಾತು, ಹೇಳಿದಂತೆ ಮಾಡುವುದಿಲ್ಲ, 12’ ಎಂದಿತ್ತು. ಅವರು ಕಣ್ಣು ತೆರೆದೇ ಇದ್ದರು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. ನಾನು ಬಗ್ಗಿ “ಅಪ್ಪೆ, ಕೈ ದೆರ್ಪುಲೆ” ಎಂದು ತುಳುವಿನಲ್ಲಿ ಹೇಳಿದ ಕೂಡಲೇ ಬಲಗೈ ಎತ್ತಿದರು. ಹೆಸರು ಹೇಳಿದರು, ಊರು ಹೇಳಿದರು, ಮನೆಯಲ್ಲಿ ತನ್ನ ದನಕ್ಕೆ ಬೈಹುಲ್ಲು ಹಾಕುವವರು ಯಾರು ಎಂದು ನನ್ನನ್ನೇ ಕೇಳಿದರು. ಅಂಕ 15. ಅವರಿಗೆ ಮಲಯಾಳವೂ ಇಂಗ್ಲಿಷೂ ಬಾರದು ಎಂಬುದಷ್ಟೇ ಆ ಮೂರು ಅಂಕಗಳ ವ್ಯತ್ಯಾಸವಾಗಿತ್ತು.

ಇದರ ಇನ್ನೊಂದು ಮಗ್ಗುಲು ಹೆಚ್ಚು ಅಪಾಯಕಾರಿ. ಭಾಷೆ ತಿಳಿಯದ್ದಕ್ಕೆ ಮಾತಾಡುತ್ತಿಲ್ಲ ಎಂದುಕೊಂಡು, ನಿಜವಾಗಿ ಪ್ರಜ್ಞೆ ಇಳಿಯುತ್ತಿರುವುದು ಕಣ್ಣು ತಪ್ಪಿ ಹೋಗಬಹುದು. ಆದ್ದರಿಂದ ದಾಖಲಿಸುವಾಗಲೇ ರೋಗಿಯ ಮನೆಮಾತು ತುಳುವೋ, ಹವ್ಯಕವೋ, ಬ್ಯಾರಿಯೋ, ಮರಾಠಿಯೋ, ಕೊಂಕಣಿಯೋ ಎಂಬುದನ್ನು ಕೇಸ್ ಶೀಟಿನ ಮೊದಲ ಪುಟದಲ್ಲಿ ಬರೆಯಿಸಿ. ಕಿವಿ ಮಂದವಿದ್ದರೆ ಅದನ್ನೂ ಬರೆಯಿಸಿ. ‘ಕೈ ಎತ್ತಿ, ಹೆಸರೇನು, ಇದು ಯಾವ ಜಾಗ, ಇಂದು ಯಾವ ವಾರ’ ಎಂಬ ನಾಲ್ಕು ಮಾತನ್ನು ಮನೆಮಾತಿನಲ್ಲಿ ಉಚ್ಚರಿಸುವ ಹಾಗೆ ಚೀಟಿಯಲ್ಲಿ ಬರೆದು ಶುಶ್ರೂಷಕಿಯರ ಮೇಜಿನಲ್ಲಿ ಕೊಡಿ. ಸಂತೋಷದಿಂದ ತೆಗೆದುಕೊಳ್ಳುತ್ತಾರೆ.

ತಲೆಬುರುಡೆ ತೆಗೆದು ಹೊಟ್ಟೆಯಲ್ಲಿ ಇಟ್ಟಿದ್ದಾರಂತೆ, ನಿಜವಾ?

ನಿಜ. ಬಾತ ಮೆದುಳಿಗೆ ಬುರುಡೆಯ ಒಳಗೆ ಹಿಗ್ಗಲು ಜಾಗವಿಲ್ಲದ್ದರಿಂದ ಮೂಳೆಯ ದೊಡ್ಡ ತುಂಡೊಂದನ್ನು ತೆಗೆದು ಜಾಗ ಮಾಡಿಕೊಡುತ್ತಾರೆ. ತೆಗೆದ ಮೂಳೆಯನ್ನು ರೋಗಿಯ ಹೊಟ್ಟೆಯ ಚರ್ಮದ ಅಡಿಯಲ್ಲಿಯೋ ಅತಿಶೀತಲ ಪೆಟ್ಟಿಗೆಯಲ್ಲಿಯೋ ಕಾಪಿಟ್ಟು, ಬಾವು ಇಳಿದು ಕೆಲವು ವಾರ ಅಥವಾ ತಿಂಗಳುಗಳಾದ ಮೇಲೆ ಹಿಂದಿನ ಜಾಗಕ್ಕೆ ಜೋಡಿಸುತ್ತಾರೆ. ಅಲ್ಲಿಯವರೆಗೆ ಆ ಬದಿಗೆ ಒರಗಿ ಮಲಗಿಸಬಾರದು.

ಒಪ್ಪಿಗೆ ಕೊಡುವ ಮೊದಲು ಮನೆಯವರು ಒಂದು ವಿಷಯ ತಿಳಿದಿರಬೇಕು. 408 ರೋಗಿಗಳನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನವೊಂದರಲ್ಲಿ, ಔಷಧಿಯಿಂದ ಇಳಿಯದ ಒತ್ತಡಕ್ಕೆ ಈ ಶಸ್ತ್ರಚಿಕಿತ್ಸೆ ಮಾಡಿದವರಲ್ಲಿ ಆರು ತಿಂಗಳೊಳಗೆ ತೀರಿಕೊಂಡವರು ಶೇಕಡಾ 27ರಷ್ಟು, ಔಷಧಿಯಲ್ಲೇ ಮುಂದುವರಿದವರಲ್ಲಿ ಶೇಕಡಾ 49ರಷ್ಟು. ಜೀವ ಉಳಿಯುವುದು ಖಂಡಿತ ಹೆಚ್ಚು, ಆದರೆ ಉಳಿದವರಲ್ಲಿ ಪ್ರಜ್ಞೆ ಮರಳದವರೂ ಪೂರ್ತಿ ಪರಾವಲಂಬಿಗಳಾದವರೂ ಹೆಚ್ಚೇ ಇದ್ದರು. ‘ಜೀವ ಉಳಿಯುತ್ತದಾ’ ಎಂಬುದರ ಜತೆಗೆ ‘ಉಳಿದರೆ ಹೇಗಿರುತ್ತಾರೆ’ ಎಂದು ಕೇಳಲು ಹಿಂಜರಿಯಬೇಡಿ.

ಮಗುವಿನ ತಲೆ ದೊಡ್ಡದಾಗುತ್ತಾ ಉಂಟು. ಟ್ಯೂಬು ಹಾಕಿದರೆ ಜೀವನಪೂರ್ತಿ ಇರಬೇಕಾ?

ಮೆದುಳಿನ ಒಳಗಿನ ಕೋಣೆಗಳಲ್ಲಿ ದೊಡ್ಡವರಿಗೆ ದಿನಕ್ಕೆ ಸುಮಾರು 500 ಮಿಲಿಲೀಟರ್ ತಿಳಿನೀರು ಹುಟ್ಟುತ್ತದೆ. ಒಂದು ಹೊತ್ತಿನಲ್ಲಿ ಒಳಗೆ ಇರುವುದು 150 ಮಿಲಿಲೀಟರ್ ಮಾತ್ರ. ಹೊಸದು ಹುಟ್ಟಿದಷ್ಟೂ ಹಳೆಯದು ರಕ್ತಕ್ಕೆ ಸೇರುತ್ತಿರಬೇಕು. ಆ ದಾರಿ ಕಟ್ಟಿದರೆ, ಬುರುಡೆಯ ಮೂಳೆಗಳು ಇನ್ನೂ ಕೂಡದ ಹಸುಳೆಯ ತಲೆ ಹಿಗ್ಗುತ್ತದೆ, ನೆತ್ತಿ ಉಬ್ಬುತ್ತದೆ, ಕಣ್ಣುಗುಡ್ಡೆ ಕೆಳಕ್ಕೆ ಇಳಿದಂತೆ ಕಾಣುತ್ತದೆ. ಶಂಟ್ ಎಂಬ ತೆಳು ಕೊಳವೆಯನ್ನು ಚರ್ಮದ ಅಡಿಯಲ್ಲೇ ಹಾಯಿಸಿ ಆ ನೀರನ್ನು ಹೊಟ್ಟೆಗೆ ಬಿಡುತ್ತಾರೆ. ಮಗು ಬೆಳೆದಂತೆ ಉದ್ದ ಸಾಲದಾಗಬಾರದೆಂದು ಹೊಟ್ಟೆಯಲ್ಲಿ ಹೆಚ್ಚಿನ ಕೊಳವೆಯನ್ನು ಬಿಟ್ಟಿರುತ್ತಾರೆ. ಸಾಮಾನ್ಯವಾಗಿ ಅದು ಜೀವನಪೂರ್ತಿ ಇರುತ್ತದೆ, ನಡುವೆ ಕಟ್ಟಬಹುದು, ಬದಲಿಸಬೇಕಾಗಬಹುದು. ಶಂಟ್ ಇರುವ ಮಗು ವಾಂತಿ ಮಾಡಿ ಮಂಕಾದರೆ ಅಜೀರ್ಣ ಎಂದು ಕಾಯದೆ ಕರೆತರಬೇಕು. ಕೆಲವು ಮಕ್ಕಳಿಗೆ ಕೊಳವೆ ಇಲ್ಲದೆ, ಎಂಡೋಸ್ಕೋಪ್ ಎಂಬ ದುರ್ಬೀನಿನಿಂದ ಒಳಗೇ ಹೊಸ ದಾರಿ ಮಾಡಿಕೊಡಬಹುದು. ನಿಮ್ಮ ಮಗುವಿಗೆ ಅದು ಆಗುತ್ತದೆಯೇ ಎಂದು ವಿಚಾರಿಸಿ.

ಎಣ್ಮಕಜೆ, ಪಡ್ರೆ ಕಡೆಯವರು ಇದು ಎಂಡೋಸಲ್ಫಾನಿನಿಂದ ಆದದ್ದೇ ಎಂದು ಕೇಳುತ್ತಾರೆ. ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷ ನರಮಂಡಲವನ್ನೇ ಹಿಡಿಯುವಂಥದ್ದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಆದರೆ ಒಂದು ಮಗುವಿನ ಸ್ಕ್ಯಾನ್ ನೋಡಿ ಕಾರಣ ಇದೇ ಎಂದು ಹೇಳಲು ವೈದ್ಯರಿಗೂ ಆಗುವುದಿಲ್ಲ. ಪರಿಹಾರದ ಅರ್ಜಿ ಬೇರೆ, ಚಿಕಿತ್ಸೆ ಬೇರೆ. ಅರ್ಜಿ ಇತ್ಯರ್ಥವಾಗಲಿ ಎಂದು ಶಂಟ್ ಮುಂದೂಡಬಾರದು. ಬೆನ್ನುಹುರಿ ಮುಚ್ಚದೆ ಹುಟ್ಟುವ ದೋಷವನ್ನು ಬಹುಮಟ್ಟಿಗೆ ತಡೆಯುವ ದಾರಿಯಂತೂ ಇದೆ. ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕು. ಮೊದಲೊಂದು ಮಗುವಿಗೆ ಈ ದೋಷವಿದ್ದ ತಾಯಂದಿರಿಗೆ ವೈದ್ಯರು ಹೆಚ್ಚಿನ ಪ್ರಮಾಣವನ್ನು ಬರೆದುಕೊಡುತ್ತಾರೆ.

ಮನೆಗೆ ಕಳುಹಿಸಿದ್ದಾರೆ, ಆದರೆ ಹಾಸಿಗೆಯಿಂದ ಏಳುವುದಿಲ್ಲ. ನಾವು ಎಂತ ಮಾಡುವುದು?

ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಮೊದಲ ಕೆಲಸ. ಬೆನ್ನಿನ ಕೆಳಗೆ ಕೆಂಪು ಕಂಡ ದಿನವೇ ಎಚ್ಚೆತ್ತರೆ ಹುಣ್ಣನ್ನು ತಡೆಯಬಹುದು. ಕೇರಳದಲ್ಲಿ 2008ರಲ್ಲಿ ಉಪಶಾಮಕ ಆರೈಕೆಯ ನೀತಿ ಬಂದ ಮೇಲೆ ಪಂಚಾಯತಿನ ಪಾಲಿಯೇಟಿವ್ ಶುಶ್ರೂಷಕಿಯರು ಮನೆಗೇ ಬಂದು ಗಾಯ ತೊಳೆಯುತ್ತಾರೆ, ಮೂತ್ರದ ಕೊಳವೆ ಬದಲಿಸುತ್ತಾರೆ. ಇದು ಕ್ಯಾನ್ಸರಿನವರಿಗೆ ಮಾತ್ರ ಎಂದುಕೊಂಡವರು ಬಹಳ ಮಂದಿ. ಡಿಸ್ಚಾರ್ಜ್ ಚೀಟಿಯ ಪ್ರತಿಯೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಯಿಸಿ.

## ಸಂಶೋಧನೆ ಮತ್ತು ತರಬೇತಿ

ಸಂಶೋಧನೆಗೆ ಸಹಿ ಹಾಕಿ ಎಂದರು. ನಮ್ಮ ಮೇಲೆ ಪ್ರಯೋಗ ಮಾಡುವುದಾ?

ಈ ಭಯ ಸಹಜ, ಅದನ್ನು ಬಾಯಿಬಿಟ್ಟು ಕೇಳುವುದೂ ನಿಮ್ಮ ಹಕ್ಕು. ಸಂಶೋಧನೆ ಏಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆ ಸಾಕು. ತಲೆಗೆ ಪೆಟ್ಟಾದವರಿಗೆ ಬಾವು ಇಳಿಯಲಿ ಎಂದು ದಶಕಗಳ ಕಾಲ ಸ್ಟೀರಾಯ್ಡ್ ಕೊಡುತ್ತಿದ್ದರು. ಒಳ್ಳೆಯದಾಗುತ್ತದೆ ಎಂದು ಎಲ್ಲರೂ ನಂಬಿದ್ದರು. 10,008 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿ ನೋಡಿದ ಕ್ರ್ಯಾಶ್ ಅಧ್ಯಯನದ ಫಲ 2004ರಲ್ಲಿ ಬಂದಾಗ, ಸ್ಟೀರಾಯ್ಡ್ ಪಡೆದವರಲ್ಲೇ ಸಾವು ಹೆಚ್ಚು ಎಂದು ಗೊತ್ತಾಯಿತು: ಎರಡು ವಾರದೊಳಗೆ ಶೇಕಡಾ 21, ಪಡೆಯದವರಲ್ಲಿ ಶೇಕಡಾ 18. ಹೋಲಿಸಿ ನೋಡದಿದ್ದರೆ ಆ ಚುಚ್ಚುಮದ್ದು ಇಂದಿಗೂ ನಡೆಯುತ್ತಿತ್ತೋ ಏನೋ.

ಸಹಿ ಹಾಕುವ ಮೊದಲು ಒಪ್ಪಿಗೆಯ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಕೇಳಿ ಪಡೆಯಿರಿ. ಕನ್ನಡ ಓದುವವರ ಕೈಗೆ ಮಲಯಾಳದ ಹಾಳೆ ಕೊಟ್ಟು ಬೆರಳು ತೋರಿಸಿ ಸಹಿ ಹಾಕಿಸಿದರೆ ಅದು ಒಪ್ಪಿಗೆ ಆಗುವುದಿಲ್ಲ. ಆಸ್ಪತ್ರೆಯ ನೀತಿ ಸಮಿತಿ ಒಪ್ಪಿದೆಯೇ, ಔಷಧ ಪರೀಕ್ಷೆಯಾದರೆ ಭಾರತದ ಕ್ಲಿನಿಕಲ್ ಪರೀಕ್ಷೆಗಳ ನೋಂದಣಿಯಲ್ಲಿ ಅದರ ಸಂಖ್ಯೆ ಏನು, ಹಾನಿಯಾದರೆ ಖರ್ಚು ಯಾರದು ಎಂದು ಕೇಳಿ. ಬೇಡ ಎಂದರೂ, ನಡುವೆ ಬಿಟ್ಟರೂ, ಮಾಮೂಲಿನ ಚಿಕಿತ್ಸೆಗೆ ಕುಂದು ಬರಬಾರದು.

ಆಪರೇಶನ್ ಮಾಡುವುದು ದೊಡ್ಡ ಡಾಕ್ಟರಾ, ಕಲಿಯುವವರಾ?

ಕಲಿಸುವ ಆಸ್ಪತ್ರೆಯಲ್ಲಿ ಇಬ್ಬರೂ ಇರುತ್ತಾರೆ. ಕಲಿಯುವವರು ಮೊದಲು ಚರ್ಮ ಬಿಡಿಸುವುದು, ಮೂಳೆ ತೆರೆಯುವುದು, ಹೊಲಿದು ಮುಚ್ಚುವುದು ಇವನ್ನು ಹಿರಿಯರ ಎದುರಿನಲ್ಲಿ ಮಾಡುತ್ತಾರೆ. ಸೂಕ್ಷ್ಮದರ್ಶಕದ ಅಡಿಯ ನಾಜೂಕಿನ ಭಾಗ ಹಿರಿಯರ ಕೈಯಲ್ಲೇ ಇರುತ್ತದೆ, ಕಿರಿಯರು ಅದೇ ಯಂತ್ರದ ಇನ್ನೊಂದು ಕಣ್ಣಿನಲ್ಲಿ ನೋಡುತ್ತಿರುತ್ತಾರೆ. ರೋಗಿಯ ಮೇಲೆ ಕೈ ಇಡುವ ಮೊದಲು ಅಭ್ಯಾಸಶಾಲೆಯಲ್ಲಿ ಕೋಳಿಯ ರೆಕ್ಕೆಯ ರಕ್ತನಾಳವನ್ನು, ಕೂದಲಿಗಿಂತ ತೆಳ್ಳಗಿನ ದಾರದಿಂದ ಹೊಲಿದು ಕಲಿಯುವ ಪದ್ಧತಿ ಇದೆ. ಮುಖ್ಯ ಭಾಗವನ್ನು ಯಾರು ಮಾಡುತ್ತಾರೆ ಎಂದು ಕೇಳಿದರೆ ಯಾರೂ ಬೇಸರಿಸಬಾರದು. ನಡುರಾತ್ರಿಯಲ್ಲಿ ತುರ್ತು ರೋಗಿ ಬಂದಾಗ ಮೊದಲು ಓಡಿ ಬರುವವರು ಈ ಕಲಿಯುವವರೇ ಎಂಬುದನ್ನೂ ನಾನು ಹೇಳಲೇಬೇಕು.

ನನ್ನ ಮಗಳಿಗೆ ಮೆದುಳಿನ ಸರ್ಜನ್ ಆಗಬೇಕಂತೆ. ಹುಡುಗಿಯರಿಗೆ ಆಗುತ್ತದಾ, ಎಷ್ಟು ವರ್ಷ?

ಆಗುತ್ತದೆ. ಚೆನ್ನೈಯ ಡಾ. ಟಿ. ಎಸ್. ಕನಕ ಅವರು 1968ರಲ್ಲೇ ನರಶಸ್ತ್ರಚಿಕಿತ್ಸೆಯ ಪದವಿ ಪಡೆದು, ಏಷ್ಯಾದ ಮೊದಲ ಮಹಿಳಾ ನರಶಸ್ತ್ರಚಿಕಿತ್ಸಕರಲ್ಲಿ ಒಬ್ಬರಾದರು. ಭಾರತದಲ್ಲಿ ಈ ವಿಭಾಗ ಮೊದಲು ತೆರೆದದ್ದು ವೆಲ್ಲೂರಿನಲ್ಲಿ, 1949ರಲ್ಲಿ, ಡಾ. ಜೇಕಬ್ ಚಾಂಡಿ ಅವರಿಂದ. ಎಂ.ಬಿ.ಬಿ.ಎಸ್. ಮತ್ತು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಜನರಲ್ ಸರ್ಜರಿಯಲ್ಲಿ ಎಂ.ಎಸ್. ಮೂರು ವರ್ಷ, ಮತ್ತೆ ನೀಟ್ ಎಸ್.ಎಸ್. ಎಂಬ ಪ್ರವೇಶ ಪರೀಕ್ಷೆ ಬರೆದು ನರಶಸ್ತ್ರಚಿಕಿತ್ಸೆಯಲ್ಲಿ ಎಂ.ಸಿ.ಎಚ್. ಮೂರು ವರ್ಷ. ಎಂ.ಬಿ.ಬಿ.ಎಸ್. ಆದ ಮೇಲೆ ನೇರ ಸೇರುವ ಆರು ವರ್ಷದ ಕೋರ್ಸು ಕೆಲವೆಡೆ ಇದೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದು ಅಡ್ಡಿಯಲ್ಲ. ಮೊದಲ ವರ್ಷ ಇಂಗ್ಲಿಷಿನ ಭಾರ ಹೆಚ್ಚಾಗುತ್ತದೆ, ಅಷ್ಟೇ.

ಎಚ್ಚರ ಇರುವಾಗಲೇ ಮೆದುಳಿನ ಆಪರೇಶನ್ ಮಾಡುತ್ತಾರಂತೆ. ಮತ್ತೆ ಮಾತು ನಿಂತರೆ ಯಾವ ಭಾಷೆಯಲ್ಲಿ ಕಲಿಸುವುದು?

ಮೆದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ. ನೋವಿರುವುದು ಚರ್ಮ, ಮೂಳೆ, ಹೊದಿಕೆಗೆ. ಅವನ್ನು ಮರಗಟ್ಟಿಸಿ, ಮಾತಿನ ಜಾಗದ ಬಳಿ ಗೆಡ್ಡೆ ಇದ್ದಾಗ ರೋಗಿಯನ್ನು ಎಚ್ಚರದಲ್ಲಿಟ್ಟು ಮಾತಾಡಿಸುತ್ತಾ ತೆಗೆಯುತ್ತಾರೆ. ಸಣ್ಣ ವಿದ್ಯುತ್ ಸ್ಪರ್ಶಕ್ಕೆ ಮಾತು ತಡವರಿಸಿದರೆ ಆ ಜಾಗವನ್ನು ಮುಟ್ಟದೆ ಬಿಡುತ್ತಾರೆ. ಹಲವು ಭಾಷೆ ಆಡುವವರಲ್ಲಿ ಒಂದು ಭಾಷೆ ತಡವರಿಸುವ ಜಾಗದಲ್ಲಿ ಇನ್ನೊಂದು ಸಲೀಸಾಗಿರಬಹುದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ನಮ್ಮವರನ್ನು ಒಂದೇ ಭಾಷೆಯಲ್ಲಿ ಪರೀಕ್ಷಿಸಿ ಬಿಡಬಾರದು. ದಿನದ ಬದುಕಿಗೆ ಯಾವ ಯಾವ ಭಾಷೆ ಬೇಕು ಎಂದು ಮೊದಲೇ ತಿಳಿಸಿ.

ಮಾತು ನಿಂತವರಿಗೆ ಕನ್ನಡದಲ್ಲಿ ಪರೀಕ್ಷೆಯ ಸಾಮಗ್ರಿ ಇದೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕಾಗಿ ಬಹಳ ಕೆಲಸ ನಡೆದಿದೆ. ತುಳು, ಹವ್ಯಕದವರಿಗೆ ಮನೆಯವರೇ ಕೈಜೋಡಿಸಬೇಕು. ಚಿತ್ರದ ಪುಸ್ತಕದಲ್ಲಿ ಸೇಬು, ವಿಮಾನ ತೋರಿಸಿದಾಗ ಸುಮ್ಮನೆ ಕುಳಿತಿದ್ದ ಒಬ್ಬ ಕೃಷಿಕರ ಕೈಗೆ ಅವರ ಸೊಸೆ ಮನೆಯಿಂದ ತಂದ ಮುಟ್ಟಾಳೆಯನ್ನು (ಹಾಳೆಯ ಟೊಪ್ಪಿಯನ್ನು) ಕೊಟ್ಟಳು. ಅವರು ಅದನ್ನು ತಿರುಗಿಸಿ ನೋಡಿ, ತಲೆಗಿಟ್ಟು, ಹೆಸರು ಹೇಳಿದರು. ಮರುದಿನ ಅವಳು ಚೀಲದಲ್ಲಿ ಕತ್ತಿ ಕೊಕ್ಕೆ, ಅಡಕೆ ಹಾಳೆ, ವೀಳ್ಯದೆಲೆ, ಸುಣ್ಣದ ಡಬ್ಬಿ ತಂದಳು.